ಎರಡನೆಯ ಬಾಗಿನ

ನನ್ನನ್ನು ಹೆತ್ತವಳು ಭದ್ರಾವತಿಯ ಚಿಕ್ಕಮ್ಮ. ಸಾಕಿದವಳು ಅವಳ ಅಕ್ಕ, ಆಯನೂರಿನ ನನ್ನ ಅಮ್ಮ. ಇದು ನೆಂಟರಿಗೆಲ್ಲ ಗೊತ್ತು, ಯಾರೂ ಬಾಯಿಬಿಡುವುದಿಲ್ಲ. ಮೂರು ತಿಂಗಳ ಕೂಸನ್ನು ಮಡಿಲಿಗೆ ಹಾಕಿಕೊಂಡ ಮೇಲೆ ಅಮ್ಮನ ಮನೆಯೇ ನನ್ನ ತವರು. ಮದುವೆಯಾದ ವರ್ಷದಿಂದ ಗೌರಿ ಹಬ್ಬಕ್ಕೆ ಬಾಗಿನ ಬರುವುದೂ ಅಲ್ಲಿಂದ ಮಾತ್ರ.

ಹೋದ ವರ್ಷ ಹಬ್ಬದ ಹಿಂದಿನ ದಿನ ಚಿಕ್ಕಮ್ಮನ ಮಗ ಮಾಚೇನಹಳ್ಳಿಯ ವರ್ಕ್‌ಶಾಪಿನಿಂದ ಫೋನ್ ಮಾಡಿದ.

"ಅಕ್ಕಾ, ನಮ್ಮಮ್ಮ ನಿಂಗೆ ಮೊರ ತುಂಬಿಟ್ಟಿದಾಳೆ. ನಾಳೆ ತರ್ತೀನಿ."

ಬೇಡವೆಂದರೆ ಹೆತ್ತವಳಿಗೆ ಅವಮಾನ. ತೆಗೆದುಕೊಂಡರೆ, ನನಗೆ ಇನ್ನೊಂದು ತವರಿದೆ ಎಂದು ಅಮ್ಮನ ಮುಖಕ್ಕೇ ಹೇಳಿದಂತೆ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬಸ್‌ಸ್ಟ್ಯಾಂಡಿನಿಂದ ವಾಪಸು ಬಂದು ನೋಡುವ ಹೆಂಗಸು ನಾನು. ಅವನಿಗೆ ಎಂಟಕ್ಕೇ ಬಾ ಎಂದೆ. ಅಮ್ಮ ಬರುವುದು ಹತ್ತಕ್ಕೆ. ನಡುವೆ ಮೊರವನ್ನು ಮಂಚದಡಿ ಸೇರಿಸಲು ಸಮಯ ಬೇಕಲ್ಲ.

ಮರುದಿನ ಹತ್ತು ಗಂಟೆಗೆ ರವೀಂದ್ರನಗರದ ನಮ್ಮ ಗೇಟಿನಲ್ಲಿ ಇಬ್ಬರೂ ಒಟ್ಟಿಗೆ ನಿಂತಿದ್ದರು. ಅವನ ಬೈಕ್ ದಾರಿಯಲ್ಲಿ ಪಂಕ್ಚರ್ ಆಗಿತ್ತಂತೆ.

ಅಮ್ಮ ಒಳಗೆ ಬಂದು ಕುಳಿತಳು. ತನ್ನ ಮೊರವನ್ನು ತೊಡೆಯಿಂದ ಕೆಳಗಿಡಲಿಲ್ಲ. ಅವನು ತನ್ನದನ್ನು ಹಿಡಿದು ನಿಂತೇ ಇದ್ದ. ನಾನು ಕಾಫಿ ಎಂದೆ, ಸೆಕೆ ಎಂದೆ, ಫ್ಯಾನು ಹಾಕಿದೆ, ಆರಿಸಿದೆ.

"ಏನೇ ಮಾರಾಯ್ತಿ, ಸೆರಗು ಹಿಡಿ," ಎಂದಳು ಅಮ್ಮ. "ಅವನ ಕೈ ನೋಯುತ್ತೆ."

"ಮೊದಲು ನಿಂದು ಕೊಡಮ್ಮ."

"ಅವಂದು ತಗೋ ಅಂದೆನಲ್ಲ."

ಸೆರಗು ಒಡ್ಡಿ ತೆಗೆದುಕೊಂಡೆ. ಅಮ್ಮ ನನ್ನ ಮುಖ ನೋಡಲಿಲ್ಲ. ಮೇಲಿನ ಮೊರ ಸರಿಸಿ ಒಳಗೆ ಇಣುಕಿದಳು.

"ಕನ್ನಡಿ ಹಾಕಿಲ್ಲ. ಅವಳು ಚಿಕ್ಕಂದಿನಿಂದ್ಲೂ ಹೀಗೇ, ಅರ್ಧ ಮರೀತಾಳೆ."

ಅವನು ನಕ್ಕು, ಟೈರು ನೋಡುವ ನೆಪದಲ್ಲಿ ಹೊರಗೆ ಹೋದ. ಆಮೇಲೆ ಅಮ್ಮ ತನ್ನ ಬಾಗಿನ ಕೊಟ್ಟಳು.

"ನಿಂಗೆ ಗೊತ್ತಿತ್ತಾ?" ಎಂದೆ.

"ನನ್ನ ಕೇಳದೆ ಕಳಿಸ್ತಾಳಾ? ಹೋದ ವಾರಾನೇ ಕೇಳಿದ್ಲು. ನಾನು ಹೋದ್ಮೇಲೂ ಹಬ್ಬಕ್ಕೆ ನಿನ್ನ ನೆನೆಸ್ಕೊಳ್ಳೋರು ಯಾರಾದ್ರೂ ಬೇಕಲ್ಲ, ಹೂಂ ಅಂದೆ." ಸೆರಗು ಸರಿಮಾಡಿಕೊಂಡು ಹೇಳಿದಳು, "ಅಂದಾಗಿಂದ ಊಟ ಸೇರಿಲ್ಲ."

ಎಲ್ಲದಕ್ಕೂ ಚಿಂತಿಸುವ ನನಗೇ ಗೊತ್ತಾಗದ ಒಂದು ಚಿಂತೆ ವಾರವಿಡೀ ಅವಳ ಹೊಟ್ಟೆಯಲ್ಲಿತ್ತು. ಎರಡೂ ಬಾಗಿನಗಳನ್ನು ದೇವರ ಮುಂದಿಟ್ಟು ಅಮ್ಮನಿಗೆ ಎಲೆ ಹಾಕಿದೆ. ಎದುರೇ ಕುಳಿತೆ.

"ಏನೇ, ತುತ್ತು ಎಣಿಸ್ತಿದೀಯಾ?"

ಇಲ್ಲವೆಂದೆ. ಎಣಿಸುತ್ತಿದ್ದೆ. ನಿಧಾನಕ್ಕೆ ಒಂದು ಒಬ್ಬಟ್ಟು ಮುಗಿಸಿದಳು. ಇನ್ನೊಂದು ಹಾಕಲು ನಾನು ಬಗ್ಗಿದಾಗ ಕೈ ಅಡ್ಡ ಹಿಡಿಯಲಿಲ್ಲ.