ಲಕ್ಷ್ಮಿಯ ಮುಂದಿನ ಷೇರು ಕಾಗದ

ಜಾರ್ಜ್‌ಟೌನಿನಲ್ಲಿ ಗೆಳತಿಯ ಹೊಸ ಮನೆಯಲ್ಲಿ ಇವತ್ತು ವರಮಹಾಲಕ್ಷ್ಮಿ ಪೂಜೆ. ಹೊಸ ಕಾರ್ಪೆಟ್ಟಿನ ವಾಸನೆಗೆ ಕರ್ಪೂರದ ಹೊಗೆ ಸೇರಿದ್ದೇ ತಡ, ನಾನು ಮತ್ತೆ ಪುಟ್ಟ ಹುಡುಗಿಯಾಗಿ ಹೂಸ್ಟನ್ನಿನ ಸುಧಾ ಆಂಟಿಯ ಮನೆಯಲ್ಲಿದ್ದೆ, ಅಮ್ಮನ ರೇಷ್ಮೆ ಸೆರಗು ಹಿಡಿದುಕೊಂಡು.

ಬೇರೆಯವರೆಲ್ಲ ಲಕ್ಷ್ಮಿಯ ಮುಂದೆ ಒಡವೆ, ನೋಟು ಇಡುತ್ತಿದ್ದರು. ಆಂಟಿ ಮಾತ್ರ ಅಂಕಲ್ ಕಂಪನಿಯ ಷೇರು ಕಾಗದಗಳಿಗೆ ಅರಿಶಿನ ಕುಂಕುಮ ಹಚ್ಚಿ ಇಟ್ಟಿದ್ದರು. ಗಾಜಿನ ಬಾಗಿಲಾಚೆ ಅವರದೇ ಈಜುಕೊಳ ಹೊಳೆಯುತ್ತಿತ್ತು. ಅದನ್ನೇ ನೋಡುತ್ತ ನನಗೆ ಕೋಸಂಬರಿ ರುಚಿಸಲಿಲ್ಲ.

ವಾಪಸು ಬರುವಾಗ ಕಾರಿನಲ್ಲಿ ಅಮ್ಮ ಶುರು ಮಾಡಿದಳು. "ನೀವೂ ಷೇರು ತಗೊಂಡಿದ್ರೆ ನಮ್ಗೂ ಅಂಥ ಮನೆ ಆಗ್ತಿತ್ತು."

ಪೆಟ್ರೋಲ್ ಉಳಿಸಲು ಏಸಿ ಆರಿಸಿದ್ದ ಅಪ್ಪ, "ಅದು ಬರೀ ಕಾಗದ ಕಣೇ. ನಮ್ ದುಡ್ಡು ಬ್ಯಾಂಕಲ್ಲಿ ಭದ್ರವಾಗಿದೆ" ಎಂದರು.

"ಇರ್ಲಿ ಬಿಡಿ, ಮೊದ್ಲು ಬೆವರು ಒರೆಸ್ಕೊಳ್ಳಿ."

ಆಮೇಲೆ ಅಂಕಲ್ ಕಂಪನಿಯ ಷೇರುಗಳು ನೆಲಕಚ್ಚಿದವು. ಮುಂದಿನ ಪೂಜೆಗೆ ಆಂಟಿಯ ಲಕ್ಷ್ಮಿಯ ಮುಂದೆ ಕಾಗದವೂ ಇಲ್ಲ, ಒಡವೆಯೂ ಇಲ್ಲ. ಮೈತುಂಬ ಹೂವು, ಅಷ್ಟೇ. ಅಮ್ಮನಿಗೆ ಈಗ ಸಮಾಧಾನವಾಗಿರಬೇಕು ಎಂದುಕೊಂಡೆ. ಕಾರು ಹತ್ತಿದವಳೇ ಅವಳು ನಿಟ್ಟುಸಿರು ಬಿಟ್ಟಳು: "ಬರೀ ಹೂವಲ್ಲೇ ಅವಳ ಲಕ್ಷ್ಮಿಗೆ ಎಂಥಾ ಕಳೆ ಬಂದಿತ್ತು ನೋಡಿದ್ರಾ? ನಮ್ಮನೇಲಿ ಹಾಗೆ ಬರೋದೇ ಇಲ್ಲ."

ಇವತ್ತು ಗೆಳತಿ ಲಕ್ಷ್ಮಿಯ ಮುಂದೆ ತನ್ನ ಷೇರು ಖಾತೆ ಕಾಣುವಂತೆ ಫೋನ್ ಇಟ್ಟಿದ್ದಳು. ಮಂಗಳಾರತಿ ತೆಗೆದುಕೊಳ್ಳುವ ನೆಪದಲ್ಲಿ ಎಷ್ಟಿದೆಯೆಂದು ಬಗ್ಗಿ ನೋಡಿದೆ. ಅಷ್ಟರಲ್ಲಿ ಫೋನಿನ ಬೆಳಕು ಆರಿತು. ಕಪ್ಪು ಗಾಜಿನಲ್ಲಿ ನನ್ನ ಮುಖ ಕಂಡಿತು, ಥೇಟ್ ಅಮ್ಮನದೇ.