ಮೈಗಳ್ಳ ಕಣ್ಣು

ಕಾರ್ಖಾನೆಯಲ್ಲಿ ಆಕೆಯನ್ನು ಎಲ್ಲರೂ ಕನ್ನಡಿಯಕ್ಕ ಎಂದೇ ಕರೆಯುತ್ತಿದ್ದರು. ಮುಖ ನೋಡಿಕೊಳ್ಳುವ ಕನ್ನಡಿಗೂ ಆಕೆಗೂ ಅಷ್ಟಕ್ಕಷ್ಟೆ. ಬೆಳಿಗ್ಗೆ ಓಡಾಡುತ್ತಲೇ ತಲೆ ಬಾಚಿಕೊಂಡು ಬಸ್ಸು ಹತ್ತುವ ಹೆಂಗಸು. ಆಕೆ ಉಜ್ಜುತ್ತಿದ್ದುದು ಆಕಾಶ ನೋಡುವ ಕನ್ನಡಿಗಳನ್ನು.

ದೂರದ ಗುಡ್ಡವೊಂದರ ಮೇಲೆ ದೊಡ್ಡ ದೂರದರ್ಶಕ ಏಳುತ್ತಿತ್ತು. ಅದಕ್ಕೆ ಬೇಕಾದ ಆರು ಮೂಲೆಯ ಗಾಜಿನ ಹಲಗೆಗಳು ಇಲ್ಲಿ ತಯಾರಾಗುತ್ತಿದ್ದವು. ಒಂದೊಂದೂ ಊಟದ ಮೇಜಿನಷ್ಟು ಅಗಲ. ಎಲ್ಲವನ್ನೂ ಜೇನುಗೂಡಿನಂತೆ ಒತ್ತಾಗಿ ಜೋಡಿಸಿದರೆ ಒಂದೇ ಮಹಾ ಕನ್ನಡಿ. ಮುಕ್ಕಾಲು ಪಾಲು ಉಜ್ಜುವುದು ಯಂತ್ರ. ಕಡೆಯ ತಿದ್ದುಪಡಿ ಮಾತ್ರ ಮನುಷ್ಯರ ಕೈಯದು. ಕತ್ತಲೆಕೋಣೆಯಲ್ಲಿ ಪರೀಕ್ಷೆಯ ದೀಪ ಹಾಕಿದರೆ ಗಾಜಿನ ಮೇಲೆ ತೆಳ್ಳನೆಯ ನೆರಳುಗಳು ಏಳುತ್ತವೆ. ನೆರಳು ಎಲ್ಲಿದೆಯೋ ಅಲ್ಲಿ ಉಬ್ಬು ಇದೆ ಅಥವಾ ತಗ್ಗಿದೆ. ಕೂದಲಿನ ದಪ್ಪದ ಸಾವಿರದಲ್ಲೊಂದು ಪಾಲಿನಷ್ಟು ಉಬ್ಬು ಉಳಿದರೂ ಸಾಕು, ನಕ್ಷತ್ರ ಕಲಸಿಹೋಗುತ್ತದೆ. ಆ ನೆರಳನ್ನು ಕಂಡುಹಿಡಿದು, ಒದ್ದೆ ಮೆರುಗುಪುಡಿ ಹಚ್ಚಿ, ಇಷ್ಟಿಷ್ಟೇ ತೀಡಿ ಅಳಿಸುವುದು ಕನ್ನಡಿಯಕ್ಕನ ಕಸುಬು.

ಇಷ್ಟೆಲ್ಲ ಮಾಡುತ್ತಿದ್ದುದು ಆಕೆಯ ಬಲಗಣ್ಣೊಂದೇ. ಎಡಗಣ್ಣು ಹುಟ್ಟಾ ಸೋಮಾರಿ. ನೋಡಲು ಲಕ್ಷಣವಾಗಿತ್ತು, ಆದರೆ ಅದಕ್ಕೆ ಕಾಣುತ್ತಿದ್ದುದು ಮಸುಕು ಮಸುಕು ಆಕಾರಗಳು ಮಾತ್ರ. "ಇದೊಂದು ಮೈಗಳ್ಳ," ಎಂದು ಆಕೆಯೇ ನಗುತ್ತಿದ್ದಳು. "ದಿನಾ ಹಾಜರಿ ಹಾಕುತ್ತೆ, ಕೆಲಸ ಮಾತ್ರ ಮಾಡಲ್ಲ."

ಒಂದು ರಜೆಯ ಬೆಳಿಗ್ಗೆ ಅಡುಗೆಮನೆಯ ತೊಟ್ಟಿಯ ಕೊಳವೆ ಕಟ್ಟಿಕೊಂಡಿತು. ಅಂಗಡಿಯಿಂದ ತಂದ ಕ್ಷಾರದ ಪುಡಿ ಸುರಿದು ಆಕೆ ಅದರ ಮೇಲೆ ಬಿಸಿನೀರು ಹೊಯ್ದಳು. ಅದು ಭುಸ್ಸೆಂದು ಚಿಮ್ಮಿ ನೇರವಾಗಿ ಬಲಗಣ್ಣಿಗೆ ಬಿತ್ತು. ಚೀರಾಟ ಕೇಳಿ ಓಡಿ ಬಂದ ಅತ್ತೆ ಒಂದು ಕ್ಷಣವೂ ತಡಮಾಡಲಿಲ್ಲ. ಸೊಸೆಯ ತಲೆಯನ್ನು ಅದುಮಿ ನಲ್ಲಿಯ ಕೆಳಗೆ ಹಿಡಿದರು.

"ಕಣ್ಣು ಬಿಡೇ! ಬೇಕಾದ್ರೆ ನನ್ನ ಬೈಕೋ, ಕಣ್ಣು ಮಾತ್ರ ಮುಚ್ಚಬೇಡ!"

ಆಸ್ಪತ್ರೆಯ ಗಾಡಿ ಬರುವವರೆಗೂ ಆ ಮುದುಕಿ ಹಿಡಿತ ಸಡಿಲಿಸಲಿಲ್ಲ. ಕಣ್ಣುಗುಡ್ಡೆ ಉಳಿಯಿತು. ಆದರೆ ನೋಟ ಹೋಯಿತು. ಗಾಯ ಆರಿದ ಮೇಲೆ ಕಣ್ಣಿನ ಮೇಲೆ ಬಿಳಿಯ ಪೊರೆ ಕವಿದು, ಆಕೆಯ ಕಸುಬಿನ ಮಾತಿನಲ್ಲಿ ಹೇಳುವುದಾದರೆ, ಅದು ಮೆರುಗು ಕಾಣದ ಗಾಜಿನಂತಾಯಿತು. ಬೇರೆಯವರ ಕಣ್ಣಿನ ಪಟಲ ತಂದು ಹೊಲಿದರೂ ನಿಲ್ಲುವುದಿಲ್ಲವೆಂದು ಕಂಡ ಕಂಡ ವೈದ್ಯರೆಲ್ಲ ಕೈಚೆಲ್ಲಿದರು.

ಕಾರ್ಖಾನೆಯ ಮೇಸ್ತ್ರಿ ಮನೆಗೆ ಬಂದು ಟೋಪಿ ತಿರುವುತ್ತಾ ಕೂತ. "ಅಕ್ಕಾ, ನಿಮ್ಮ ಅರ್ಧ ಆಗಿರೋ ಗಾಜನ್ನ ಬೇರೆಯವರ ಕೈಗೆ ಕೊಡ್ಲಾ?" ಎಂದ.

"ಕೊಡಿ. ಗಾಜೇನು ತಪ್ಪು ಮಾಡಿದೆ, ಅದ್ಯಾಕೆ ಕಾಯ್ಬೇಕು?" ಎಂದಳು. ಅವನು ಹೋದ ಮೇಲೆ ಬಚ್ಚಲುಮನೆಗೆ ಹೋಗಿ, ನಲ್ಲಿ ಬಿಟ್ಟು ಅತ್ತಳು. ಮರುದಿನದಿಂದಲೇ ಕಾರ್ಖಾನೆಗೆ ಹೋಗಿ, ಉಜ್ಜುವ ಬಟ್ಟೆಗಳನ್ನು ತೊಳೆದು ಮಡಿಸುವ ಕೆಲಸಕ್ಕೆ ಕೂತಳು. ಮನೆಯಲ್ಲಿ ಕೂತರೆ ಗೋಡೆ ತಿನ್ನಲು ಬರುತ್ತಿತ್ತು.

ಗಂಡ ಬಸ್ಸು ಓಡಿಸುತ್ತಿದ್ದವನು. ಮೊದಲೇ ಬಾಯಿ ಸುಮ್ಮನಿರದ ಮನುಷ್ಯ. ಹೆಂಡತಿಯ ಕಥೆಯನ್ನು ಮುಂದಿನ ಸೀಟಿನಲ್ಲಿ ಕೂತವರಿಗೆಲ್ಲ ಹೇಳುತ್ತಿದ್ದ. ಒಂದು ದಿನ ಆ ಸೀಟಿನಲ್ಲಿ ಕೂತಿದ್ದ ಹೆಂಗಸು ಕಡೆಯವರೆಗೂ ಕೇಳಿಸಿಕೊಂಡು, "ಅವರನ್ನ ನಾಳೆ ಕರ್ಕೊಂಡು ಬನ್ನಿ," ಎಂದಳು. ಬಸ್ಸಿನ ಕಡೆಯ ನಿಲ್ದಾಣದ ಎದುರಿಗಿದ್ದ ಸಂಶೋಧನಾಲಯದಲ್ಲಿ ಅವಳು ಕಣ್ಣಿನ ಡಾಕ್ಟರು.

ಮರುದಿನ ಕನ್ನಡಿಯಕ್ಕನ ಕಣ್ಣು ನೋಡಿ ಡಾಕ್ಟರು ಸಮಾಧಾನವಾಗಿ ಬಿಡಿಸಿ ಹೇಳಿದಳು. "ಕಣ್ಣಿನ ಕಪ್ಪು ಭಾಗದ ಸುತ್ತ ಒಂದು ಅಂಚಿದೆ ಅಕ್ಕಾ. ಅದೇ ಸಸಿಮಡಿ ಇದ್ದ ಹಾಗೆ. ಮೇಲಿನ ಪದರ ಸವೆದಂತೆಲ್ಲ ಅಲ್ಲಿಂದ ಹೊಸ ಜೀವಕೋಶ ಹುಟ್ಟಿ ಬರುತ್ವೆ. ನಿಮ್ಮದು ಆ ಸಸಿಮಡಿಯೇ ಸುಟ್ಟುಹೋಗಿದೆ. ಈಗ ನಾವು ಒಂದು ಜಾಲರಿ ಮಾಡಿದೀವಿ. ಅದರ ಎಳೆ ಕೂದಲಿಗಿಂತ ನೂರಾರು ಪಟ್ಟು ತೆಳು. ಅದರ ಮೇಲೆ ಕೋಶಗಳನ್ನ ಬೆಳೆಸಿ ಕಣ್ಣಿಗೆ ಹೊದಿಸ್ತೀವಿ. ಕೋಶ ಬೇರೂರುತ್ತೆ, ಜಾಲರಿ ತಾನಾಗೇ ಕರಗಿಹೋಗುತ್ತೆ."

"ಬೀಜ ಎಲ್ಲಿಂದ ತರ್ತೀರಿ?"

"ನಿಮ್ಮ ಎಡಗಣ್ಣಿಂದ."

ಅಪಘಾತವಾದ ಮೇಲೆ ಮೊದಲ ಸಲ ಕನ್ನಡಿಯಕ್ಕ ಬಿದ್ದು ಬಿದ್ದು ನಕ್ಕಳು. "ಅದಾ? ಅದು ಹುಟ್ಟಿದಾಗಿಂದ ಒಂದು ಹುಲ್ಲುಕಡ್ಡಿ ಅಲ್ಲಾಡಿಸಿಲ್ಲ ಡಾಕ್ಟ್ರೇ!"

"ಅದರ ಮೇಲ್ಮೈಯಲ್ಲಿ ಯಾವ ದೋಷವೂ ಇಲ್ಲ. ಮಿದುಳಿನ ಜೊತೆ ಮಾತು ಬಿಟ್ಟಿದೆ, ಅಷ್ಟೇ. ಆದ್ರೆ ಒಂದು ಮಾತು. ಈ ಚಿಕಿತ್ಸೆ ಎಲ್ಲರಿಗೂ ಫಲಿಸಿಲ್ಲ. ಯೋಚನೆ ಮಾಡಿ ಹೇಳಿ."

ಮನೆಗೆ ಬಂದ ಗಂಡನಿಗೆ ಅನ್ನ ಇಳಿಯಲಿಲ್ಲ. "ಉಳಿದಿರೋದು ಅರೆಗಣ್ಣು. ಅದಕ್ಕೂ ಕತ್ತರಿ ಹಾಕ್ತಾರಂತೆ! ಬೇಡ ಕಣೇ."

"ರೀ, ಅರೆಗಣ್ಣು ನನ್ನದು ತಾನೇ? ಸುಮ್ಮನೆ ಊಟ ಮಾಡಿ. ನಾನು ಆಗಲೇ ಮನಸ್ಸು ಮಾಡಿ ಆಯ್ತು."

ಎಡಗಣ್ಣಿನ ಅಂಚಿನಿಂದ ಅಕ್ಕಿನುಚ್ಚಿನಷ್ಟು ಚೂರು ತೆಗೆದರು. ಕೆಲವು ದಿನಗಳ ಮೇಲೆ ಡಾಕ್ಟರು ಆಕೆಯನ್ನು ಕರೆಸಿ ಒಂದು ಪರದೆಯ ಮುಂದೆ ಕೂರಿಸಿದಳು. ಕನ್ನಡಿಯಕ್ಕ ಎಡಗಣ್ಣನ್ನು ಪರದೆಗೆ ತಾಗುವಷ್ಟು ಹತ್ತಿರ ಒಯ್ದಳು. ಮಂಜಿನೊಳಗೆ ದುಂಡನೆಯ ಚುಕ್ಕೆಗಳು ಒತ್ತೊತ್ತಾಗಿ ತುಂಬಿದ್ದವು. ನೋಡುತ್ತಿದ್ದಂತೆ ಒಂದು ಚುಕ್ಕೆ ಉದ್ದವಾಗಿ, ನಡು ಸಣ್ಣಗಾಗಿ, ಎರಡಾಯಿತು. ಒಂದಿಡೀ ಹಗಲಿನ ಬೆಳವಣಿಗೆಯನ್ನು ಡಾಕ್ಟರು ಬೇಗ ಬೇಗ ಓಡಿಸಿ ತೋರಿಸುತ್ತಿದ್ದಳು.

"ಇವು ಆ ಮೈಗಳ್ಳನವೇನಾ? ಎಷ್ಟು ಚುರುಕಾಗಿದಾವಲ್ಲ!"

"ನಾವು ಬೆಳೆಸಿದ್ರಲ್ಲಿ ಇಷ್ಟು ಬೇಗ ತುಂಬಿಕೊಂಡ ಪದರ ಕಡಿಮೆ ಅಕ್ಕಾ," ಎಂದಳು ಡಾಕ್ಟರು. ಕನ್ನಡಿಯಕ್ಕನಿಗೆ ತನ್ನ ಮಗುವನ್ನು ಯಾರೋ ಹೊಗಳಿದಂತಾಯಿತು.

ಬಲಗಣ್ಣಿನ ಬಿಳಿಯ ಪೊರೆ ಬಿಡಿಸಿ ಈ ಹೊಸ ಪದರ ಹೊದಿಸಿದರು. ಕಟ್ಟು ಬಿಚ್ಚಿದ ದಿನ ಬರೀ ಬೆಳಕು ಕಂಡಿತು. ಮುಂದೆ ಕಿಟಕಿಯ ಚೌಕಟ್ಟು, ಆಮೇಲೆ ಬಾಗಿಲಲ್ಲಿ ನಿಂತವರ ಆಕಾರ. ತಿಂಗಳುಗಳು ಹೀಗೆ ಕುಂಟುತ್ತಾ ಸಾಗಿದವು. ಒಂದು ಬೆಳಿಗ್ಗೆ ಅತ್ತೆ ಕೈಗಿಟ್ಟ ಲೋಟವನ್ನು ಬಾಯಿಗೊಯ್ದವಳು ತಟಕ್ಕನೆ ನಿಂತಳು.

"ಅತ್ತೆ, ಲೋಟದ ಅಂಚು ನೆಗ್ಗಿದೆಯಲ್ಲ! ಯಾರು ಬೀಳಿಸಿದ್ದು?"

ಬೀಳಿಸಿದವರು ಅತ್ತೆಯೇ. ಸೊಸೆಗೆ ಕಾಣುವುದಿಲ್ಲವೆಂದು ಸುಮ್ಮನಿದ್ದರು. ಈಗ ಸೊಸೆಯ ಕೆನ್ನೆ ಎರಡೂ ಕೈಯಲ್ಲಿ ಹಿಡಿದು, "ನಾನೇ ಕಣೇ, ನಾನೇ ಬೀಳಿಸಿದ್ದು!" ಎಂದು ಅಳುತ್ತಾ ನಕ್ಕರು. "ಲೋ, ಬಾರೋ ಇಲ್ಲಿ! ನಿನ್ನ ಹೆಂಡತಿ ನನ್ನ ಕಳ್ಳತನ ಹಿಡಿದಳು!" ಗಂಡ ಅರ್ಧ ಮುಖಕ್ಕೆ ಸೋಪಿನ ನೊರೆ ಹಚ್ಚಿಕೊಂಡೇ ಓಡಿ ಬಂದ.

ಕಾರ್ಖಾನೆಯಲ್ಲಿ ಆಗ ಕಟ್ಟಕಡೆಯ ಹಲಗೆ ಬಾಕಿಯಿತ್ತು. ಮೇಸ್ತ್ರಿ ಆಕೆಯನ್ನು ಕತ್ತಲೆಕೋಣೆಗೆ ಕರೆದೊಯ್ದು, ತಾನೇ ಪರೀಕ್ಷೆ ಬರೆಯುವವನಂತೆ ಬೆವರುತ್ತಾ ದೀಪ ಹಾಕಿದ. ಕನ್ನಡಿಯಕ್ಕ ಬಾಗಿ ನೋಡಿದಳು. ಗಾಜಿನ ಬಲ ಅಂಚಿನಲ್ಲಿ, ಹಬೆಯಷ್ಟು ತೆಳ್ಳಗೆ, ಒಂದು ನೆರಳು.

"ಇಲ್ಲಿದೆ," ಎಂದು ಬೆರಳು ಚಾಚಿ ತೋರಿಸಿದಳು. ಮೇಸ್ತ್ರಿ ಬಾಗಿಲು ತೆರೆದು, ಕಾರಿಡಾರಿನ ಉದ್ದಕ್ಕೂ ಕೇಳುವಂತೆ, "ಅಕ್ಕ ವಾಪಸ್ ಬಂದ್ರು ಕಣ್ರೋ!" ಎಂದು ಕೂಗಿದ. ಆ ಹಲಗೆಯನ್ನು ಮೊದಲಿಂದ ಕಡೆಯವರೆಗೆ ಆಕೆಯೇ ತಿದ್ದಿ ಮುಗಿಸಿದಳು. ಅದರ ಮೇಲೆ, ಬೆರಳಿನಿಂದ ತಡವಿದರೂ ಗೊತ್ತಾಗದಷ್ಟು ತೆಳ್ಳಗೆ, ಬೆಳ್ಳಿಯ ಲೇಪ ಕೂತಿತು. ಹಲಗೆ ಗುಡ್ಡ ಹತ್ತಿತು.

ಮೊದಲ ಚಿತ್ರ ಬಂದ ದಿನ ಕಾರ್ಖಾನೆಯ ಊಟದ ಕೋಣೆಯಲ್ಲೇ ಬಿಳಿ ಪರದೆ ಕಟ್ಟಿದರು. ಕೆಲಸಗಾರರು, ಅವರ ಮನೆಮಂದಿ, ಕಣ್ಣಿನ ಡಾಕ್ಟರು, ಎಲ್ಲರೂ ಬೆಂಚುಗಳ ಮೇಲೆ ಒತ್ತಿಕೊಂಡು ಕೂತಿದ್ದರು. ದೀಪ ಆರಿತು. ಪರದೆಯ ತುಂಬ ನಕ್ಷತ್ರಗಳು. ನಡುವೆ ಸುರುಳಿ ಸುತ್ತಿಕೊಂಡ ದೂರದ ಗೆಲಾಕ್ಸಿ. ಅದರ ತೋಳುಗಳಲ್ಲಿ ಹೊಸದಾಗಿ ಹುಟ್ಟುತ್ತಿದ್ದ ನಕ್ಷತ್ರಗಳು ಒಂದೊಂದೂ ಬಿಡಿಬಿಡಿಯಾಗಿ, ಸೂಜಿಮೊನೆಯಷ್ಟು ಚೊಕ್ಕವಾಗಿ ಕಾಣುತ್ತಿದ್ದವು.

ಕನ್ನಡಿಯಕ್ಕ ಎದ್ದು ನಿಂತಳು. "ಸಾರ್, ಇದರಲ್ಲಿ ನನ್ನ ಕನ್ನಡಿ ಹಿಡಿದ ನಕ್ಷತ್ರ ಯಾವುದು?"

ಗುಡ್ಡದಿಂದ ಬಂದಿದ್ದ ಖಗೋಳ ವಿಜ್ಞಾನಿ ಪರದೆಯ ಕಡೆಗೊಮ್ಮೆ ತಿರುಗಿ ನೋಡಿದ. "ಹಾಗೆ ಬೇರೆ ಮಾಡಿ ತೋರಿಸೋಕಾಗಲ್ಲಮ್ಮ. ಪ್ರತಿ ನಕ್ಷತ್ರದ ಬೆಳಕೂ ಎಲ್ಲ ಕನ್ನಡಿಗಳ ಮೇಲೂ ಬಿದ್ದು ಒಂದಾಗುತ್ತೆ. ಇಲ್ಲಿರೋ ಎಲ್ಲದರಲ್ಲೂ ನಿಮ್ಮದಿದೆ."

"ಎಲ್ಲದರಲ್ಲೂ?"

"ಎಲ್ಲದರಲ್ಲೂ."

ಮೊದಲು ಚಪ್ಪಾಳೆ ತಟ್ಟಿದವರು ಅತ್ತೆ. ಆಮೇಲೆ ಡಾಕ್ಟರು, ಮೇಸ್ತ್ರಿ, ಇಡೀ ಸಭೆ. ಗಂಡ ಬೆಂಚಿನ ಮೇಲೆ ಹತ್ತಿ ನಿಂತು ಕಿವಿ ಗಡಚಿಕ್ಕುವಂತೆ ಸಿಳ್ಳೆ ಹಾಕಿದ. ಆ ಗದ್ದಲದಲ್ಲಿ ಯಾರೋ ಅವಸರಪಟ್ಟು ದೀಪ ಹಾಕಿಬಿಟ್ಟರು. ಚಿತ್ರ ಬೆಳಕಿನಲ್ಲಿ ಮಾಸಿತು.

"ಏಯ್, ದೀಪ ಆರಿಸ್ರೋ! ನಾನಿನ್ನೂ ನೋಡಿ ಮುಗಿಸಿಲ್ಲ!" ಎಂದು ಕನ್ನಡಿಯಕ್ಕ ಕೂಗಿದಳು. ಸಭೆಯೆಲ್ಲ ಗೊಳ್ಳೆಂದು ನಕ್ಕಿತು. ದೀಪ ಆರಿತು. ಆಕೆ ಬೆಂಚುಗಳ ನಡುವೆ ದಾರಿ ಮಾಡಿಕೊಂಡು ಪರದೆಯ ತೀರ ಹತ್ತಿರ ಹೋಗಿ ನಿಂತು, ಸೊಂಟದ ಮೇಲೆ ಕೈಯಿಟ್ಟು, ಮೇಲಿನ ಮೂಲೆಯಿಂದ ಒಂದೊಂದೇ ನಕ್ಷತ್ರವನ್ನು ನೋಡತೊಡಗಿದಳು.