ಬ್ಯಾಂಕಿನವರು ಕಳಿಸುವ ತಂಗಿಯ ಸಮಾಚಾರ

ಎಲ್ಲರೂ ಓದದೆ ಅಳಿಸಿಹಾಕುವ ಮೆಸೇಜುಗಳನ್ನು ನಾನು ಕನ್ನಡಕ ಹಾಕಿಕೊಂಡು, ಕುರ್ಚಿ ಎಳೆದುಕೊಂಡು ಕೂತು ಓದುತ್ತೇನೆ. ಬ್ಯಾಂಕಿನ ಮೆಸೇಜುಗಳ ಮಾತು ಹೇಳುತ್ತಿದ್ದೇನೆ. ನಿಮ್ಮ ಕ್ರೆಡಿಟ್ ಕಾರ್ಡಿನಲ್ಲಿ ಇಷ್ಟು ರೂಪಾಯಿ ಇಂಥ ಅಂಗಡಿಯಲ್ಲಿ ಖರ್ಚಾಗಿದೆ, ಖರ್ಚು ಮಾಡಿದ್ದು ನೀವಲ್ಲದಿದ್ದರೆ ಕೂಡಲೇ ಕರೆಮಾಡಿ ಅಂತ ಬರುತ್ತದಲ್ಲ, ಅದು. ನಾನಲ್ಲ ಅಂತ ನನಗೆ ಚೆನ್ನಾಗಿ ಗೊತ್ತು. ಆದರೂ ಒಂದು ದಿನವೂ ಕರೆ ಮಾಡಿದವಳಲ್ಲ. ಖರ್ಚು ಮಾಡುತ್ತಿದ್ದವಳು ಕೆಂಗೇರಿಯಲ್ಲಿರುವ ನನ್ನ ತಂಗಿ ಶಶಿ. ನಾವಿಬ್ಬರೂ ಮಾತು ಬಿಟ್ಟು ಎರಡು ವರ್ಷದ ಮೇಲಾಗಿತ್ತು.

ಅವಳು ಕೆಲಸ ಬಿಟ್ಟು ಮನೆಯಲ್ಲಿದ್ದ ಕಾಲದಲ್ಲಿ, ಗಂಡನ ಮುಂದೆ ಕೈಚಾಚುವುದು ಬೇಡ ಅಂತ, ನನ್ನ ಹಳೇ ಕಾರ್ಡಿನ ಜೊತೆಗೆ ಅವಳ ಹೆಸರಲ್ಲೂ ಒಂದು ಕಾರ್ಡು ಮಾಡಿಸಿಕೊಟ್ಟಿದ್ದೆ. ಬ್ಯಾಂಕಿನ ಭಾಷೆಯಲ್ಲಿ ಅದು ಆಡ್-ಆನ್ ಕಾರ್ಡು. ಉಜ್ಜುವವಳು ಅವಳು, ಖರ್ಚಿನ ಮೆಸೇಜು ಬರುವುದು ನನಗೆ. ಆಮೇಲೆ ಅವಳಿಗೆ ಮತ್ತೆ ಕೆಲಸ ಸಿಕ್ಕಿತು, ನಮ್ಮಿಬ್ಬರಿಗೂ ಜಗಳವಾಯಿತು, ಕಾರ್ಡು ಮಾತ್ರ ಹಾಗೇ ಉಳಿಯಿತು. ತಿಂಗಳ ಬಿಲ್ಲು ಬಂದ ದಿನವೇ ಅವಳ ಪಾಲಿನ ಹಣ ನನ್ನ ಖಾತೆಗೆ ಬಂದು ಬೀಳುತ್ತಿತ್ತು. ಜೊತೆಗೆ ಒಂದಕ್ಷರವೂ ಇರುತ್ತಿರಲಿಲ್ಲ.

ನಾವು ಚಿಕ್ಕವರಿದ್ದಾಗ ರಾಜಾಜಿನಗರದ ಮನೆಗೆ ದಾವಣಗೆರೆಯಿಂದ ಅಜ್ಜನ ಕಾಗದ ಬರುತ್ತಿತ್ತು. ಮೊದಲು ನಾವೆಲ್ಲ ಕ್ಷೇಮ, ನಡುವೆ ಶೇಂಗಾದ ಧಾರಣೆ, ಕೊನೆಗೆ ಆಶೀರ್ವಾದ. ಬ್ಯಾಂಕಿನವರು ಧಾರಣೆಯೊಂದನ್ನು ಇಟ್ಟುಕೊಂಡು ಉಳಿದದ್ದನ್ನು ಕೈಬಿಟ್ಟಿದ್ದಾರೆ. ಕ್ಷೇಮವನ್ನು ನಾವೇ ಊಹಿಸಿಕೊಳ್ಳಬೇಕು. ನಾನು ಆ ವಿದ್ಯೆಯಲ್ಲಿ ಪಳಗಿಬಿಟ್ಟಿದ್ದೆ. ಸೋಮವಾರ ಪೆಟ್ರೋಲ್ ಬಂಕಿನ ಮೆಸೇಜು ಬಂದರೆ ಸರಿ, ಆಫೀಸಿಗೆ ಹೊರಟಿದ್ದಾಳೆ. ಮೆಡಿಕಲ್ ಶಾಪಿನದು ಸಣ್ಣ ಮೊತ್ತವಾದರೆ ನೆಗಡಿ, ದೊಡ್ಡದಾದರೆ ನನಗೆ ಮಧ್ಯಾಹ್ನದ ಪಾಠ ತಲೆಗೆ ಹತ್ತುವುದಿಲ್ಲ. ಪಾಠ ಮಾಡುವವಳೇ ನಾನು, ಪಿಯು ಮಕ್ಕಳಿಗೆ ಸಸ್ಯಶಾಸ್ತ್ರ. ಒಮ್ಮೆ ಕನ್ನಡಕದ ಅಂಗಡಿಯಿಂದ ಮೆಸೇಜು ಬಂತು. ಅಯ್ಯೋ, ನಮ್ಮ ಶಶಿಗೂ ಚಾಳೀಸು ಬಂತಲ್ಲ ಅಂತ ಸ್ಟಾಫ್ ರೂಮಿನಲ್ಲಿ ಒಬ್ಬಳೇ ನಕ್ಕೆ. ಆಮೇಲೆ ಆ ನಗುವನ್ನು ಯಾರಿಗೆ ಹೇಳುವುದು ಅಂತ ತಿಳಿಯಲಿಲ್ಲ.

ಜಗಳದ ಕಾರಣ ಕೇಳಿದರೆ ನೀವು ನಗುತ್ತೀರಿ. ಅವಳ ಹೊಸ ಮನೆಯ ಗೃಹಪ್ರವೇಶದ ಆಮಂತ್ರಣ ಪತ್ರಿಕೆಯಲ್ಲಿ, 'ತಮ್ಮ ಸುಖಾಗಮನ ಬಯಸುವವರು' ಎಂಬುದರ ಕೆಳಗೆ ನನ್ನ ಹೆಸರಿರಲಿಲ್ಲ. ಅವಳ ಗಂಡನ ಕಡೆಯ ದೊಡ್ಡಪ್ಪಂದಿರಿದ್ದರು, ಹರಿಹರದ ಯಾರೋ ಮಾವ ಇದ್ದರು, ಇನ್ನೂ ಹಲ್ಲು ಬರದ ಒಂದು ಕೂಸು ಕೂಡ ಸುಖಾಗಮನ ಬಯಸುತ್ತಿತ್ತು. ಒಡಹುಟ್ಟಿದ ಅಕ್ಕ ಮಾತ್ರ ಯಾರ ಆಗಮನವನ್ನೂ ಬಯಸುತ್ತಿರಲಿಲ್ಲ. ಹೋದೆ, ಹೋಳಿಗೆ ಉಂಡೆ, ಹೊರಡುವಾಗ ಶಶಿ ಅರಿಶಿನ ಕುಂಕುಮದ ತಟ್ಟೆ ಹಿಡಿದು ಬಂದಳು. "ತಾಂಬೂಲ ಬೇಡ, ಬಸ್ಸಿಗೆ ಹೊತ್ತಾಯ್ತು" ಅಂದು ತಿರುಗಿಯೂ ನೋಡದೆ ಬಂದುಬಿಟ್ಟೆ. ನನ್ನ ಸ್ಕೂಟರು ಶಾಮಿಯಾನದ ಕಂಬಕ್ಕೆ ಒರಗಿಕೊಂಡೇ ನಿಂತಿತ್ತು. ಅದನ್ನು ಎಲ್ಲರೂ ನೋಡಿದ್ದರು.

ತಾಂಬೂಲ ಬಿಟ್ಟು ಬಂದವಳು ಮತ್ತೆ ಯಾವ ಮುಖ ಹೊತ್ತು ಫೋನು ಮಾಡಲಿ? ಅವಳೇ ಮಾಡಲಿ ಅಂತ ನಾನು ಕಾದೆ. ಅವಳೂ ಹಾಗೇ ಕಾದಿರಬೇಕು. ಇಬ್ಬರೂ ಒಂದೇ ತಾಯಿಯ ಮಕ್ಕಳಲ್ಲವೇ, ಹಟದಲ್ಲಿ ಯಾರೂ ಯಾರಿಗೂ ಕಮ್ಮಿಯಿಲ್ಲ.

ಹೀಗಿರುವಾಗ ನನಗೆ ಹಲ್ಲು ಕೈಕೊಟ್ಟಿತು. ಬಲಗಡೆ ಒಂದು, ಎಡಗಡೆ ಒಂದು. ವಿಜಯನಗರದ ದಂತವೈದ್ಯೆ ಎರಡೂ ಕಡೆ ಹೊಸ ಹಲ್ಲು ನೆಡಬೇಕು ಅಂದರು. ಗಿಡ ನೆಡುವುದು ಗೊತ್ತಿತ್ತು, ಹಲ್ಲು ನೆಡುವುದಕ್ಕೆ ಇಷ್ಟು ಖರ್ಚು ಅಂತ ಗೊತ್ತಿರಲಿಲ್ಲ. ಬಡ್ಡಿಯಿಲ್ಲದ ಕಂತಿನ ಸೌಲಭ್ಯ ಇದ್ದದ್ದು ನನ್ನ ಹೊಸ ಕಾರ್ಡಿಗೆ, ಆದರೆ ಅದರ ಲಿಮಿಟ್ಟು ಪುಟಾಣಿ. ದೊಡ್ಡ ಲಿಮಿಟ್ಟೆಲ್ಲ ಹಳೇ ಕಾರ್ಡಿನಲ್ಲಿ ಮಲಗಿತ್ತು. "ಎರಡೂ ಒಂದೇ ಬ್ಯಾಂಕಿಂದಲ್ವಾ ಮೇಡಂ, ಅಲ್ಲಿಂದ ಇಲ್ಲಿಗೆ ಶಿಫ್ಟ್ ಮಾಡಿಸ್ಕೊಳ್ಳಿ, ಒಂದ್ ಫೋನ್ ಅಷ್ಟೆ" ಅಂದಳು ಕ್ಲಿನಿಕ್ಕಿನ ಹುಡುಗಿ.

ಈ ಲಿಮಿಟ್ಟು ಅನ್ನುವುದು ವಿಚಿತ್ರ ವಸ್ತು. ಅದು ನನ್ನ ದುಡ್ಡಲ್ಲ, ಬ್ಯಾಂಕಿನವರು ಕೊಟ್ಟ ದುಡ್ಡೂ ಅಲ್ಲ. ಈಕೆಯನ್ನು ಇಷ್ಟರವರೆಗೆ ನಂಬಬಹುದು ಅಂತ ಅವರು ಹಾಕಿದ ಗೆರೆ. ಜೀವನದಲ್ಲಿ ನನ್ನನ್ನು ಇಷ್ಟು ನಿಖರವಾಗಿ ನಂಬಿದವರು ಇನ್ನೊಬ್ಬರಿಲ್ಲ. ಆ ನಂಬಿಕೆಯನ್ನು ಒಂದೇ ವ್ಯಾನಿಟಿ ಬ್ಯಾಗಿನ ಈ ಜೇಬಿನಿಂದ ಆ ಜೇಬಿಗೆ ಹಾಕಿಕೊಳ್ಳಲು ನಾನು ಅವರ ಅಪ್ಪಣೆ ಕೇಳಬೇಕಿತ್ತು.

ಕೇಳಿದೆ. ಮೊದಲು ಸಿಕ್ಕಿದ್ದು ಅಶರೀರವಾಣಿ. ಪುರಾಣದ ಅಶರೀರವಾಣಿ ಹೇಳುವುದನ್ನು ಹೇಳಿ ಹೊರಟುಹೋಗುತ್ತಿತ್ತು. ಕನ್ನಡಕ್ಕೆ ಇದನ್ನು ಒತ್ತಿ, ಇಂಗ್ಲಿಷಿಗೆ ಅದನ್ನು ಒತ್ತಿ ಅಂತ ಪೀಡಿಸುತ್ತಿರಲಿಲ್ಲ. ಒತ್ತಿದ್ದೆಲ್ಲ ಒತ್ತಿ, ಸಂಗೀತ ಕೇಳಿ, ಮತ್ತೆ ಒತ್ತಿದ ಮೇಲೆ ಪವಿತ್ರಾ ಎಂಬ ಹುಡುಗಿ ಮಾತಾಡಿದಳು. ನಾನೇ ನಾನು ಅಂತ ಖಾತ್ರಿ ಮಾಡಿಕೊಳ್ಳಲು, "ನಿಮ್ಮ ತಾಯಿ ಹೆಸರು ಹೇಳಿ ಮೇಡಂ" ಅಂದಳು.

"ಗಂಗಮ್ಮ" ಅಂದೆ. ಅಮ್ಮ ಹೋದ ಮೇಲೆ ಆ ಹೆಸರನ್ನು ನಾನು ಗಟ್ಟಿಯಾಗಿ ಉಚ್ಚರಿಸಿದ್ದೇ ಇಲ್ಲ. ಕೇಳುವವರೂ ಇರಲಿಲ್ಲ. ಸರಿಯಾಗಿ ಕೇಳಿಸಲಿಲ್ಲ ಮೇಡಂ ಅಂದಳು ಪವಿತ್ರಾ, ಇನ್ನೊಮ್ಮೆ ಹೇಳಿದೆ.

"ಮೇಡಂ, ನೀವು ಕೇಳ್ತಿರೋ ಅಷ್ಟೂ ಶಿಫ್ಟ್ ಮಾಡಿದ್ರೆ ಹಳೇ ಕಾರ್ಡಲ್ಲಿರೋ ಆಡ್-ಆನ್ ಲಿಮಿಟ್ ಝೀರೋ ಆಗುತ್ತೆ. ಆ ಕಾರ್ಡ್ ಕೆಲಸ ಮಾಡಲ್ಲ. ಪರವಾಗಿಲ್ವಾ?"

"ಅದನ್ನ ಹಾಗೇ ಬಿಟ್ಟು ಮಾಡೋಕಾಗಲ್ವೇನಮ್ಮ?"

"ಸಿಸ್ಟಂ ತಗೊಳ್ತಿಲ್ಲ ಮೇಡಂ. ಬೇಕಾದ್ರೆ ಅರ್ಧ ಶಿಫ್ಟ್ ಮಾಡ್ತೀನಿ, ಆಗ ಅದೂ ಇರುತ್ತೆ."

ಅರ್ಧವೆಂದರೆ ಒಂದು ಹಲ್ಲು. ನಾಳೆ ಹೇಳುತ್ತೇನೆ ಅಂತ ಫೋನಿಟ್ಟೆ. ಮಾರನೆಯ ದಿನವೂ ನಾಳೆ ಅಂದೆ. ಒಂದು ಕಡೆ ಹಲ್ಲು, ಒಂದು ಕಡೆ ತಂಗಿಯ ಪೆಟ್ರೋಲು, ಕಾಫಿಪುಡಿ, ನೆಗಡಿ ಮಾತ್ರೆ. ನನ್ನಂಥ ಒಂಟಿ ಹೆಂಗಸಿಗೆ ದಿನಕ್ಕೊಂದು ಸಮಾಚಾರ ತರುವ ದಾರಿ ಅದೊಂದೇ. ಅದನ್ನು ನನ್ನ ಕೈಯಾರೆ ಮುಚ್ಚುವುದು ಹೇಗೆ? ಅರ್ಧವೇ ಸಾಕು ಅಂತ ತೀರ್ಮಾನಿಸಿ, ಶನಿವಾರ ಮತ್ತೆ ಫೋನು ಮಾಡಿ, ಪವಿತ್ರಾಳನ್ನೇ ಕೇಳಿ ಹಿಡಿದೆ.

ಅವಳು ನನ್ನ ಹೆಸರು ಹುಡುಕುತ್ತಿರುವಾಗಲೇ ಫೋನು ಕಿವಿಯಲ್ಲಿ ಟಿಣ್ ಅಂತು. ತೆಗೆದು ನೋಡಿದರೆ ಕೆಂಗೇರಿಯ ಸ್ವೀಟ್ ಸ್ಟಾಲು, ಸಾವಿರಗಟ್ಟಲೆ ರೂಪಾಯಿ. ಅಷ್ಟು ಸ್ವೀಟು ಯಾರಾದರೂ ಸುಮ್ಮನೆ ತರುತ್ತಾರೆಯೇ? ಮನೆಯಲ್ಲಿ ಏನೋ ಶುಭಕಾರ್ಯ. ಹರಿಹರದ ಮಾವನವರೆಗೆ ಎಲ್ಲರನ್ನೂ ಕರೆದಿರುತ್ತಾಳೆ. ನನ್ನನ್ನು ಬಿಟ್ಟು! ನನ್ನದೇ ಕಾರ್ಡಿನಲ್ಲಿ! ಮೈಯೆಲ್ಲ ಉರಿದುಹೋಯಿತು.

"ಪೂರ್ತಿ ಶಿಫ್ಟ್ ಮಾಡ್ಬಿಡಮ್ಮ" ಅಂದೆ.

"ಆಡ್-ಆನ್ ಕಾರ್ಡಿನವರಿಗೆ ನೀವೇ ಒಂದ್ ಮಾತು ಹೇಳ್ತೀರಾ ಮೇಡಂ?"

"ಹೇಳ್ತೀನಿ" ಅಂತ ಸುಳ್ಳು ಹೇಳಿದೆ. ಇನ್ನೇನಾದರೂ ಸಹಾಯ ಬೇಕಿತ್ತಾ ಅಂತ ಅವಳು ಪಾಠ ಒಪ್ಪಿಸುವಂತೆ ಕೇಳಿದಳು. ಏನೂ ಬೇಡ ಅಂದೆ.

ಆಮೇಲೆ ಶುರುವಾಯಿತು ನೋಡಿ. ಸೋಮವಾರ ಬಂತು, ಪೆಟ್ರೋಲ್ ಬಂಕಿನ ಮೆಸೇಜು ಬರಲಿಲ್ಲ. ಬರುವುದಿಲ್ಲ ಅಂತ ಗೊತ್ತಿದ್ದೂ ಫೋನು ತಿರುಗಿಸಿ ತಿರುಗಿಸಿ ನೋಡಿದೆ. ಸಾಲ ಬೇಕೆ ಅಂತ ಕೇಳುವವರು, ಸೈಟು ಬೇಕೆ ಅಂತ ಕೇಳುವವರು ಬಿಟ್ಟರೆ ನನಗೆ ಈ ಊರಲ್ಲಿ ಬರೆಯುವವರು ಯಾರೂ ಇರಲಿಲ್ಲ. ಬಸವೇಶ್ವರನಗರದ ನನ್ನ ಮಹಡಿ ಮನೆಗೆ ಕೆಳಗಿನ ಓನರ್ ಮನೆಯ ಟಿವಿಯ ನಗು ಮಾತ್ರ ಹತ್ತಿ ಬರುತ್ತಿತ್ತು. ಅನ್ನವನ್ನು ಸಾರಿನಲ್ಲಿ ಮೆತ್ತಗೆ ಕಲಸಿಕೊಂಡು ಉಣ್ಣುತ್ತಿದ್ದೆ. ಒಸಡಿನ ಊತ ಇಳಿಯಲಿ, ಆಮೇಲೆ ದುಡ್ಡು ಕಟ್ಟಿ ಅಂದಿದ್ದರು ಡಾಕ್ಟರು. ಊತ ಇಳಿಯುತ್ತಿತ್ತು, ನನ್ನ ಸಿಟ್ಟೂ ಇಳಿಯುತ್ತಿತ್ತು. ಸಿಟ್ಟು ಇಳಿದ ಜಾಗದಲ್ಲಿ ಭಯ ಕೂತಿತು. ನಾಳೆ ಅವಳಿಗೆ ಏನಾದರೂ ಆದರೆ ನನಗೆ ಹೇಳುವವರು ಯಾರು? ಅವಳ ನಂಬರು ತೆಗೆದು ನೋಡುತ್ತಿದ್ದೆ, ಒತ್ತಲು ಬೆರಳು ಏಳುತ್ತಿರಲಿಲ್ಲ. ಕಸ್ಟಮರ್ ಕೇರಿಗಾದರೆ ನೂರು ಸಲ ಫೋನು ಮಾಡಬಲ್ಲೆ, ತಂಗಿಗೆ ಮಾಡಲಾರೆ. ಇಂಥ ಅಕ್ಕ ನಾನು.

ಮುಂದಿನ ಭಾನುವಾರ ಸಂಜೆ ಫೋನು ಟಿಣ್ ಅಂತು. ಲಿಮಿಟ್ ಸಾಲದ್ದರಿಂದ ನಿಮ್ಮ ಆಡ್-ಆನ್ ಕಾರ್ಡಿನ ವ್ಯವಹಾರ ನಿರಾಕರಿಸಲಾಗಿದೆ, ಎಂಬತ್ತು ರೂಪಾಯಿ. ಅಂಗಡಿಯ ಹೆಸರು ಓದಿದೆ. ಕನ್ನಡಕ ಒರೆಸಿಕೊಂಡು ಮತ್ತೆ ಓದಿದೆ. ಅದು ಕೆಂಗೇರಿಯ ಅಂಗಡಿಯಲ್ಲ. ನಮ್ಮ ರಸ್ತೆಯ ಮೂಲೆಯ ಕಾಂಡಿಮೆಂಟ್ಸ್, ಹಲ್ಲು ಗಟ್ಟಿಯಿದ್ದಾಗ ನಾನು ದಿನವೂ ನಿಪ್ಪಟ್ಟು ತರುತ್ತಿದ್ದ ಅಂಗಡಿ.

ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಮೆಟ್ಟಿಲಿಳಿದು ಓಡಿದೆ. ಶಶಿ ಅಂಗಡಿಯ ಮುಂದೆ ಕಾರ್ಡು ಹಿಡಿದುಕೊಂಡು ನಿಂತಿದ್ದಳು. ಮುಂದಲೆ ನರೆತಿತ್ತು. ಆ ಕನ್ನಡಕವೂ ಇತ್ತು. ಅದರ ಬೆಲೆ ನನಗೆ ಬಾಯಿಪಾಠ, ಅದು ಅವಳ ಮುಖಕ್ಕೆ ಇಷ್ಟು ಒಪ್ಪುತ್ತದೆ ಅಂತ ಮಾತ್ರ ಗೊತ್ತಿರಲಿಲ್ಲ.

"ಇದ್ದೀಯಾ?" ಅಂದಳು. ಕಣ್ಣಲ್ಲಿ ನೀರು ತುಂಬಿತ್ತು. "ಕಾರ್ಡ್ ಝೀರೋ ಆಗಿದೆ ಅಂತ ಬ್ಯಾಂಕಿಂದ ಮೆಸೇಜ್ ಬಂತು ಕಣೇ ಅಕ್ಕ. ನಿಂಗೇನೋ ಆಗೋಯ್ತು ಅನ್ಕೊಂಡೆ. ಕಾರ್ಡಿನೋರು ಇಲ್ದೆ ಹೋದ್ರೆ ಹಿಂಗೇ ನಿಲ್ಲಿಸ್ತಾರಂತೆ."

"ಬಿಡ್ತು ಅನ್ನೇ. ಇಲ್ಲೀವರ್ಗೂ ಬಂದೋಳು ಮೇಲೆ ಬಂದು ಬೆಲ್ ಮಾಡ್ಬಾರ್ದಾ?"

"ಬೆಲ್ ಮಾಡಿದ್ರೆ ನೀನು ಬಾಗ್ಲು ತೆಗೀತೀಯೋ ಇಲ್ವೋ. ಮೆಸೇಜಾದ್ರೆ ಓದೇ ಓದ್ತೀಯ ಅಂತ ಗೊತ್ತಿತ್ತು."

"ನಿಂಗೆ ಸಂಬಳ ಬರುತ್ತೆ, ನಿಂದೇ ಕಾರ್ಡಿರುತ್ತೆ. ಇದನ್ಯಾಕೆ ಉಜ್ತಿದ್ದೆ ಇಷ್ಟು ದಿನ?"

"ಇನ್ ಹೆಂಗೆ ನಿನ್ ಜೊತೆ ಮಾತಾಡ್ಲಿ? ಪ್ರಮೋಷನ್ ಆಯ್ತು ಅಂತ ಆಫೀಸಿಗೆಲ್ಲ ಸ್ವೀಟ್ ತಗೊಂಡೆ. ಅಷ್ಟು ದುಡ್ಡು ನೋಡಿದ್ರೆ ಏನೇ ವಿಶೇಷ ಅಂತ ನೀನು ಫೋನ್ ಮಾಡ್ತೀಯ ಅಂತ ಕಾಯ್ತಾ ಕೂತಿದ್ದೆ. ನೀನು ಕಾರ್ಡೇ ನಿಲ್ಲಿಸ್ಬಿಟ್ಟೆ."

ನಡುಬೀದಿಯಲ್ಲಿ ಅತ್ತೆ. ಇಬ್ಬರೂ ಅತ್ತೆವು. ಅಂಗಡಿಯವರು ನಿಪ್ಪಟ್ಟಿನ ಪೊಟ್ಟಣವನ್ನು ದುಡ್ಡು ಕೇಳದೆ ಶಶಿಯ ಕೈಗೆ ಕೊಟ್ಟು, "ನಾಳೆ ಕೊಡಿ ಆಂಟಿ" ಅಂದರು.

ಆ ಸಂಜೆ ಅವಳು ನಿಪ್ಪಟ್ಟು ಕಟಕಟ ಅಗಿದಳು, ನಾನು ಕಾಫಿಯಲ್ಲಿ ನೆನೆಸಿಕೊಂಡು ಚೀಪಿದೆ. ಆಮಂತ್ರಣ ಪತ್ರಿಕೆಯ ಮಾತು ಬಂದೇ ಬಂತು. ಅದನ್ನು ಅಚ್ಚಿಗೆ ಕೊಟ್ಟವರು ಅತ್ತೆ ಮನೆಯವರಂತೆ, ಅವಳು ನೋಡಿದ್ದು ಹಂಚಿಯಾದ ಮೇಲಂತೆ. ನಂಬಿದೆ. ಹೊರಡುವಾಗ ಅರಿಶಿನ ಕುಂಕುಮ ಕೊಡಲು ಹೋದರೆ, ಮುಖ ಗಂಟಿಕ್ಕಿಕೊಂಡು, "ಬೇಡ, ಬಸ್ಸಿಗೆ ಹೊತ್ತಾಯ್ತು" ಅಂದಳು ಕಳ್ಳಿ. ಅವಳ ಸ್ಕೂಟರು ಗೇಟಿನ ಮುಂದೆಯೇ ನಿಂತಿತ್ತು. ಆಮೇಲೆ ನಗುತ್ತಾ ಸೆರಗೊಡ್ಡಿದಳು.

ಮಾರನೆಯ ದಿನ ಮತ್ತೆ ಅಶರೀರವಾಣಿ, ಮತ್ತೆ ಸಂಗೀತ, ಮತ್ತೆ ಗಂಗಮ್ಮ. ಅರ್ಧ ಲಿಮಿಟ್ಟನ್ನು ಹಳೇ ಕಾರ್ಡಿಗೆ ವಾಪಸು ಹಾಕಿಸಿದೆ. ಹಲ್ಲು ಸದ್ಯಕ್ಕೆ ಒಂದೇ, ಬಲಗಡೆಯದು. ಶಶಿಯ ಕಾರ್ಡು ಮತ್ತೆ ನಡೆಯುತ್ತಿದೆ, ಮೆಸೇಜುಗಳು ಬರುತ್ತಿವೆ. ಖರ್ಚು ಮಾಡಿದ್ದು ನೀವಲ್ಲದಿದ್ದರೆ ಕೂಡಲೇ ಕರೆಮಾಡಿ ಅಂತ ಬ್ಯಾಂಕಿನವರು ಎರಡು ವರ್ಷದಿಂದ ಬುದ್ಧಿ ಹೇಳುತ್ತಲೇ ಇದ್ದರು. ಈಗ ಮೆಸೇಜು ಬಂದ ಕೂಡಲೇ ಮಾಡುತ್ತೇನೆ, ಕೆಂಗೇರಿಗೆ.